ಕಡೆಯಾಸೆಯ ಪದ

ಆ ಊರಿನಲ್ಲಿ ಆಸೆ ಉಳಿಸಿಕೊಂಡು ಸತ್ತವರು ಯಾರೂ ಇರಲಿಲ್ಲ.

ಒಂದು ಕಡೆ ಕಡಲು, ಉಳಿದ ಮೂರು ಕಡೆ ಉಪ್ಪಿನ ಆಗರ. ಕಡಲ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುವುದೇ ಅಲ್ಲಿಯವರ ಬದುಕು. ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಯಾರಿಗಾದರೂ ಸಾಯುವ ಹೊತ್ತು ಹತ್ತಿರ ಬಂತೆಂದರೆ ಕಿವಿಯಮ್ಮನನ್ನು ಕರೆಯಬೇಕು. ಅವಳು ಉಪ್ಪುನೀರಿನಲ್ಲಿ ಬಲಗಿವಿ ತೊಳೆದುಕೊಳ್ಳಬೇಕು, ಬಾಗಿಲು ಹಾಕಿಕೊಳ್ಳಬೇಕು, ಬಾಗಿ ಸಾಯುವವರ ತುಟಿಗೆ ಆ ಕಿವಿ ಹಚ್ಚಬೇಕು. ಅವರು ತಮ್ಮ ಕಡೆಯ ಆಸೆಯನ್ನು ಅವಳ ಕಿವಿಗೆ ಹಾಕಿ ಕಣ್ಣು ಮುಚ್ಚಬೇಕು. ಅವಳು ಹೊಸ್ತಿಲಿಗೆ ಬಂದು ಅದನ್ನು ಸಾರಬೇಕು. ಹೊತ್ತು ಮುಳುಗುವುದರೊಳಗೆ ಊರು ಅದನ್ನು ನಡೆಸಿಕೊಡಬೇಕು. ನಡೆಸದೆ ಹೆಣ ಎತ್ತುವ ಹಾಗಿಲ್ಲ. ಎತ್ತಿದರೆ ಕಡಲು ಆಗರ ದಾಟಿ ಒಳಗೆ ಬರುತ್ತದೆ ಎಂದು ಹಿಂದಿನವರು ಹೇಳಿದ್ದರು. ಕಡಲು ಬಂದದ್ದನ್ನು ಕಂಡವರಿರಲಿಲ್ಲ, ಏಕೆಂದರೆ ಆಸೆ ನಡೆಸದೆ ಹೆಣ ಎತ್ತಿದ್ದೇ ಇರಲಿಲ್ಲ.

ನಡೆಸಿಕೊಟ್ಟ ಒಂದೊಂದು ಆಸೆಯೂ ಒಂದೊಂದು ಸಾಲಾಗಿ ಪದಕ್ಕೆ ಸೇರುತ್ತಿತ್ತು. ಕಡೆಯಾಸೆಯ ಪದ ಎಂದು ಅದಕ್ಕೆ ಹೆಸರು. ಮದುವೆಯಲ್ಲಿ ಅದನ್ನೇ ಹಾಡುತ್ತಿದ್ದರು, ತೊಟ್ಟಿಲು ಕಟ್ಟುವಾಗ ಅದನ್ನೇ, ಉಪ್ಪು ಎಳೆಯುವಾಗ ಅದನ್ನೇ.

ಉಪ್ಪು ಹೊತ್ತ ಮುದುಕ ಕೇಳಿದ್ದು ಬೊಗಸೆ ಸಿಹಿನೀರು,
ಬಲೆ ನೇದ ಅಜ್ಜಿ ಕೇಳಿದ್ದು ತವರ ದಿಕ್ಕಿಗೆ ತಲೆ,
ದೊಡ್ಡ ಹೆಂಡತಿ ಕೇಳಿದ್ದು ಸವತಿಯ ಕೂಸಿನ ಮುತ್ತು.

ಹೀಗೆ ಒಂದು ಇಡೀ ಹಗಲು ಹಾಡಿದರೂ ಮುಗಿಯದಷ್ಟು ಸಾಲುಗಳು. ಅಷ್ಟರಲ್ಲಿ ಒಂದಾದರೂ ಕೆಟ್ಟ ಸಾಲಿರಲಿಲ್ಲ.

ಈ ಪದವನ್ನು ನಂಬಿ ಒಬ್ಬಳು ಆ ಊರಿಗೆ ಸೊಸೆಯಾಗಿ ಬಂದಳು. ಅವಳ ತವರು ಒಳನಾಡು. ಅಲ್ಲಿ ಒಂದು ಗೋಡೆಯ ಅಗಲಕ್ಕಾಗಿ ಅವಳ ಅಪ್ಪ, ಚಿಕ್ಕಪ್ಪ ಇಬ್ಬರೂ ಕುಡುಗೋಲು ಹಿಡಿದು ನಿಂತದ್ದನ್ನು ಅವಳು ಚಿಕ್ಕವಳಿದ್ದಾಗಲೇ ಕಂಡಿದ್ದಳು. ಒಂದು ದಿನ ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಬಂದ ವ್ಯಾಪಾರಿ ಕಡೆಯಾಸೆಯ ಪದ ಹಾಡಿದ. ಸವತಿಯ ಕೂಸಿನ ಮುತ್ತು ಎಂಬ ಸಾಲು ಬಂದಾಗ ಅವಳು ಕೈಲಿದ್ದ ಮೊರ ಕೆಳಗಿಟ್ಟಳು. ಇಂಥ ಜನವೂ ಭೂಮಿಯ ಮೇಲೆ ಇದೆಯೇ ಎಂದುಕೊಂಡಳು. ಕೊಟ್ಟರೆ ಆ ಊರಿಗೇ ಕೊಡಿ ಎಂದು ಹಟ ಹಿಡಿದಳು. ಕಿವಿಯಮ್ಮನ ಮಗನಿಗೇ ಕೊಟ್ಟರು. ಅವನು ಉಪ್ಪಿನ ದೋಣಿ ನಡೆಸುವವನು, ಹೋದರೆ ಆರು ತಿಂಗಳು. ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ ಇಬ್ಬರೇ.

ಅತ್ತೆ ಮಾತು ಕಡಿಮೆಯ ಹೆಂಗಸು. ನಲವತ್ತು ವರ್ಷದಿಂದ ಊರ ಕಿವಿಯಮ್ಮ ಅವಳೇ. ಸೊಸೆ ಬಂದ ಮೂರನೆಯ ವರ್ಷ ಒಂದು ಬೆಳಗ್ಗೆ ಅತ್ತೆ ಎದ್ದಾಗ ಅವಳ ಎರಡು ಕಿವಿಯೂ ಹೋಗಿದ್ದವು. ಸೊಸೆ ಕೂಗಿದರೂ ಕೇಳಿಸಲಿಲ್ಲ, ತಟ್ಟೆ ಬಡಿದರೂ ಕೇಳಿಸಲಿಲ್ಲ. ಹೇಗಾಯಿತು ಎಂದು ಕೈಸನ್ನೆಯಲ್ಲಿ ಕೇಳಿದರೆ ತಲೆಯ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು, ಅಷ್ಟೆ. ಕಿವಿಯಮ್ಮನ ಕಿವಿ ಹೋದರೆ ಆ ಮನೆಯ ಸೊಸೆಯೇ ಮುಂದಿನ ಕಿವಿಯಮ್ಮ. ಊರ ಹಿರಿಯ ಬಂದು ಸೊಸೆಯ ಬಲಗಿವಿಯ ಓಲೆ ಬಿಚ್ಚಿಸಿದ. ಮಾತಿಗೂ ಕಿವಿಗೂ ನಡುವೆ ಏನೂ ಅಡ್ಡ ಇರಬಾರದು ಎಂದ. ಸೊಸೆಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಅತ್ತೆ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಮೊದಲ ಕರೆ ಪದದ ಮೇಷ್ಟ್ರ ಮನೆಯಿಂದ ಬಂತು.

ಊರ ಮಕ್ಕಳಿಗೆಲ್ಲ ಕಡೆಯಾಸೆಯ ಪದ ಕಲಿಸಿದವರು ಅವರು. ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲ, ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಮನುಷ್ಯ. "ಮನುಷ್ಯನ ಒಳಗೆ ಏನಿದೆ ಅಂತ ತಿಳಿಯೋಕೆ ಎದೆ ಸೀಳಬೇಕಾಗಿಲ್ಲ ಮಕ್ಕಳೇ, ಪದ ಹಾಡಿದರೆ ಸಾಕು" ಎಂದು ಹೇಳಿಕೊಡುತ್ತಿದ್ದರು. ಸೊಸೆ ಕಿವಿ ತೊಳೆದಳು. ಬಾಗಿಲು ಹಾಕಿದಳು. ಬಾಗಿದಳು. ಮೇಷ್ಟ್ರ ಉಸಿರು ಕಿವಿಗೆ ಬೆಚ್ಚಗೆ ತಾಗಿತು.

"ಅವಳ ಕಣ್ಣು ಕೀಳಿಸಮ್ಮ" ಎಂದರು ಮೇಷ್ಟ್ರು.

ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡಳು ಸೊಸೆ. "ಏನಂದಿರಿ ಮೇಷ್ಟ್ರೇ?"

"ನನ್ನ ಹೆಂಡತಿಯ ಕಣ್ಣು. ಎರಡೂ. ನಾನು ಹೋದ ಮೇಲೆ ಅವಳು ಬೇರೆ ಯಾರ ಮುಖಾನೂ ನೋಡಬಾರದು."

ಮಗುವೊಂದು ಸಾಲು ತಪ್ಪಿದಾಗ ತಿದ್ದುತ್ತಿದ್ದ ಅದೇ ಮೆಲುದನಿ. ಹೇಳಿದವರೇ ಸಣ್ಣಗೆ ನಕ್ಕರು, ಹಾಗೇ ಉಸಿರು ನಿಂತಿತು.

ಸೊಸೆ ಎಷ್ಟು ಹೊತ್ತು ಹಾಗೇ ಬಾಗಿಕೊಂಡಿದ್ದಳೋ ಅವಳಿಗೆ ತಿಳಿಯದು. ಹೊರಗಿನಿಂದ ಯಾರೋ ಕೆಮ್ಮಿದ ಸದ್ದಿಗೆ ಎದ್ದು ಬಾಗಿಲು ತೆಗೆದಳು. ಅಂಗಳದ ತುಂಬ ಜನ. ಕೆಲವರ ಕೈಯಲ್ಲಿ ಕೊಡ, ಕೆಲವರ ಕೈಯಲ್ಲಿ ಗುದ್ದಲಿ, ಕೆಲವರ ಕೈಯಲ್ಲಿ ಬುಟ್ಟಿ. ಅವಳ ಬಾಯಿಂದ ಏನು ಬಂದರೂ ಓಡಿ ಹೋಗಿ ತರಲು, ಅಗೆಯಲು, ಹೊರಲು ಸಿದ್ಧರಾಗಿ ನಿಂತ ಜನ. ಎಲ್ಲರಿಗಿಂತ ಮುಂದೆ ಮೇಷ್ಟ್ರ ಹೆಂಡತಿ. ಅಳುತ್ತಿದ್ದಳು. ಕಣ್ಣುಗಳು ದೊಡ್ಡವು, ಕಪ್ಪಗೆ, ನೀರು ತುಂಬಿಕೊಂಡು ಹೊಳೆಯುತ್ತಿದ್ದವು.

"ಏನು ಕೇಳಿದರು ತಾಯಿ? ಏನಾದರೂ ಸರಿ, ಹೇಳಿ. ಈಗಲೇ ನಡೆಸ್ತೀನಿ."

ಸೊಸೆ ಆ ಕಣ್ಣುಗಳನ್ನು ನೋಡಿದಳು. ಆ ಕೈಗಳನ್ನು ನೋಡಿದಳು, ಕೊಡ ಹಿಡಿದ ಕೈ, ಗುದ್ದಲಿ ಹಿಡಿದ ಕೈ.

"ಎಣ್ಣೆ" ಎಂದಳು. "ನಿಮ್ಮ ಕೈಯಿಂದ ತಲೆಗೆ ಒಂದಿಷ್ಟು ಎಣ್ಣೆ ಹಚ್ಚಬೇಕಂತೆ."

ಅಂಗಳಕ್ಕೆ ಅಂಗಳವೇ ಬಿಕ್ಕಿತು. ಮೇಷ್ಟ್ರ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ಒಳಗೆ ಓಡಿದಳು.

ಸೊಸೆ ಮನೆಗೆ ಬಂದವಳೇ ಅತ್ತೆಯ ಎದುರು ಕುಸಿದು ಕೂತಳು. ಬಾಯಿ ತೆರೆದಳು. ಆಗಲೇ ಅವಳಿಗೆ ಹೊಳೆದದ್ದು: ಅತ್ತೆಗೆ ಕೇಳಿಸಬೇಕಾದರೆ ಕೂಗಬೇಕು, ಕೂಗಿದರೂ ಕೇಳಿಸದು, ಪಕ್ಕದ ಮನೆಗೆ ಮಾತ್ರ ಕೇಳಿಸುತ್ತದೆ. ಎರಡು ಬೆರಳನ್ನು ತನ್ನ ಕಣ್ಣಿನ ಮುಂದೆ ಹಿಡಿದು ಕಿತ್ತು ಎಸೆದಂತೆ ತೋರಿಸಿದಳು. ಅತ್ತೆ ಅವಳ ಮುಖ ನೋಡಿದಳು, ತುಟಿ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಅಚ್ಚರಿಯೇನೂ ಆಗಲಿಲ್ಲ.

"ನೀನು ಏನು ಹೇಳಿದೆ?" ಎಂದಳು ಅತ್ತೆ.

ಸೊಸೆ ತಲೆಗೆ ಎಣ್ಣೆ ಹಚ್ಚುವಂತೆ ಮಾಡಿ ತೋರಿಸಿದಳು.

"ಎಣ್ಣೆ ಪರವಾಗಿಲ್ಲ. ನಾನೂ ಎರಡು ಸಲ ಎಣ್ಣೆ ಹೇಳಿದೀನಿ. ಆದರೆ ಬೇಗ ಬೇಗ ಹೇಳಬೇಡ, ಪದದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬಂದರೆ ಜನಕ್ಕೆ ಅನುಮಾನ ಬರ್ತದೆ."

"ಎಲ್ಲರೂ ಹೀಗೇನಾ ಅತ್ತೆ?" ಎಂದು ಸೊಸೆ ತುಟಿಯಲ್ಲೇ ಕೇಳಿದಳು.

"ಎಲ್ಲರೂ ಅಲ್ಲ. ಕೆಲವರು ಏನೂ ಹೇಳೋದಿಲ್ಲ, ಬರೀ ಅಳ್ತಾರೆ. ಉಪ್ಪು ಹೊರ್ತಿದ್ದ ಮುದುಕ ಒಬ್ಬ ನಿಜವಾಗಿ ನೀರೇ ಕೇಳಿದ. ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಹೇಳು ಅಂದೆ. ಅಷ್ಟರಲ್ಲಿ ಸತ್ತೇ ಹೋದ."

"ಸವತಿಯ ಕೂಸಿನ ಮುತ್ತು?"

"ಅದು ನನ್ನ ಅತ್ತೆ ಕೇಳಿಸಿಕೊಂಡದ್ದು. ಆ ಕೂಸನ್ನು ಬಾವಿಗೆ ಹಾಕಿ ಅಂದಿದ್ದಳಂತೆ."

ಯಾವ ಸಾಲನ್ನು ಹಿಡಿದುಕೊಂಡು ಸೊಸೆ ಅಷ್ಟು ದೂರದಿಂದ ಬಂದಿದ್ದಳೋ ಆ ಸಾಲು. ಅವಳು ಹಿತ್ತಲಿಗೆ ಹೋಗಿ ಬಲಗಿವಿಯನ್ನು ಮತ್ತೆ ಮತ್ತೆ ತೊಳೆದುಕೊಂಡಳು.

ಆಮೇಲೆ ಕರೆ ಬರುತ್ತಲೇ ಹೋದವು. ಕಿವಿ ತೊಳೆದಳು, ಬಾಗಿಲು ಹಾಕಿದಳು, ಬಾಗಿದಳು. ದೋಣಿ ಕಟ್ಟುವವನು ತಮ್ಮನ ದೋಣಿಗೆ ತೂತು ಕೊರೆಯಲು ಹೇಳಿದ. ಅವನಿಗೆ ದೋಣಿಯ ನೆರಳಲ್ಲಿ ಮಲಗುವ ಆಸೆಯಂತೆ ಎಂದು ಸಾರಿದಳು. ಆಗರದ ಯಜಮಾನ ಆಗರವೂ ಬೇಕು, ಕಡಲೂ ಬೇಕು, ದಡದಲ್ಲಿ ನಿಂತಿರುವ ದೋಣಿಯೆಲ್ಲ ಬೇಕು ಎಂದು ಹೇಳುತ್ತ ಹೇಳುತ್ತ ಸತ್ತ. ಅಂಗೈಯಲ್ಲಿ ಒಂದು ಹಿಡಿ ಉಪ್ಪು ಎಂದು ಸಾರಿದಳು. ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಅವಳ ಜಡೆ ಹಿಡಿದು ಎಳೆದುಕೊಂಡು, "ನಾನು ಬೇಡ, ನನ್ನ ಬದಲು ಮೊಮ್ಮಗಳನ್ನ ಕಳಿಸು, ಅವಳಿಗೇನು, ಅವಳಿನ್ನೂ ಏನೂ ಕಂಡಿಲ್ಲ, ಕಳಕೊಳ್ಳೋದೂ ಇಲ್ಲ" ಎಂದಳು. ಮೊಮ್ಮಗಳ ಕೈಯಿಂದ ಹಣೆಗೆ ಕುಂಕುಮ ಎಂದು ಸಾರಿದಳು. ಮಗು ಹೆತ್ತು ಮೂರನೆಯ ದಿನ ಸಾಯುತ್ತಿದ್ದ ಬಾಣಂತಿ, "ಕೂಸನ್ನೂ ನನ್ನ ಎದೆಗೆ ಕಟ್ಟಿ ಕಳಿಸಿ, ಬೇರೆಯವಳು ಅದಕ್ಕೆ ಹಾಲು ಕೊಡಬಾರದು" ಎಂದಳು. ಊರಲ್ಲಿ ಪ್ರತಿಯೊಬ್ಬರೂ ಕೂಸನ್ನು ಒಂದೊಂದು ಸಲ ಎತ್ತಿಕೊಳ್ಳಬೇಕಂತೆ ಎಂದು ಸಾರಿದಳು. ಅವತ್ತು ಹೊತ್ತು ಮುಳುಗುವವರೆಗೆ ಆ ಕೂಸು ಕೈಯಿಂದ ಕೈಗೆ, ಮಡಿಲಿಂದ ಮಡಿಲಿಗೆ ಹೋಯಿತು. ಅದನ್ನು ನೋಡುತ್ತ ನಿಂತ ಸೊಸೆಗೆ ಒಂದು ಗಳಿಗೆ ತಾನು ಮಾಡಿದ್ದೇ ಸರಿ ಅನ್ನಿಸಿತು. ಹೀಗೆ ಎಂಟು ತಿಂಗಳಾಗುವ ಹೊತ್ತಿಗೆ ಸುಳ್ಳು ಹುಡುಕಲು ಅವಳು ನಿಂತು ಯೋಚಿಸಬೇಕಾಗಿರಲಿಲ್ಲ. ಬಾಗಿಲು ತೆಗೆಯುವಷ್ಟರಲ್ಲಿ ಸಾಲು ತಾನಾಗಿ ಬಾಯಿಗೆ ಬಂದಿರುತ್ತಿತ್ತು.

ಆಮೇಲೆ ಉಪ್ಪು ಎಳೆಯುವ ಹಬ್ಬ ಬಂತು. ಆ ವರ್ಷದ ಹೊಸ ಸಾಲುಗಳನ್ನು ಆಗರದ ಬದುವಿನ ಮೇಲೆ ನಿಂತು ಮೊದಲ ಸಲ ಹಾಡುವ ದಿನ ಅದು. ಮೇಷ್ಟ್ರು ಕೇಳಿದ್ದು ಮಡದಿಯ ಕೈಯೆಣ್ಣೆ ಎಂಬ ಸಾಲು ಬಂದಾಗ ಮೇಷ್ಟ್ರ ಹೆಂಡತಿ ಎದ್ದು ನಿಂತಳು. ಸೆರಗಿನ ಅಂಚಿನಿಂದ ಒಂದು ಬಿಳಿಯ ಪಟ್ಟಿ ಹರಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ಅದನ್ನು ಕಣ್ಣಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡಳು.

"ಕಡೇ ಗಳಿಗೇಲೂ ನನ್ನ ಕೈಯನ್ನೇ ಕೇಳಿದ ಮನುಷ್ಯ" ಎಂದಳು. "ಅವರನ್ನು ನೋಡಿದ ಕಣ್ಣಿಂದ ಇನ್ನು ಯಾರ ಮುಖ ನೋಡಲಿ? ಈ ಗಂಟು ಇನ್ನು ಬಿಚ್ಚೋದಿಲ್ಲ."

ಜನ ಅವಳ ಕಾಲಿಗೆ ಬಿದ್ದರು. ಮೇಷ್ಟ್ರು ಕೇಳಿದ್ದು ನಡೆದುಹೋಗಿತ್ತು. ಗುದ್ದಲಿಯಿಲ್ಲದೆ, ಕತ್ತಿಯಿಲ್ಲದೆ, ಸೊಸೆ ಹೇಳಿದ ಎಣ್ಣೆಯಿಂದಲೇ.

ಮೂರು ತಿಂಗಳು ತಡೆದುಕೊಂಡಳು. ಆಮೇಲೆ ಒಂದು ಮಧ್ಯಾಹ್ನ ಮೇಷ್ಟ್ರ ಮನೆಯ ಜಗಲಿಗೆ ಹೋಗಿ ಕೂತಳು. ಮೇಷ್ಟ್ರ ಹೆಂಡತಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ತೆಂಗಿನ ನಾರನ್ನು ಹೊಸೆಯುತ್ತಿದ್ದಳು.

"ಅಕ್ಕಾ, ಅವರು ಎಣ್ಣೆ ಕೇಳಲಿಲ್ಲ."

ಹೊಸೆಯುವ ಕೈ ನಿಂತಿತು. ಸೊಸೆ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ತನ್ನನ್ನು ಈಗ ಹೊಡೆಯುತ್ತಾಳೆ, ಬಯ್ಯುತ್ತಾಳೆ, ಊರು ಕೂಡಿಸುತ್ತಾಳೆ ಎಂದು ಕಾದಳು.

"ಯಾವ ದನಿಯಲ್ಲಿ ಹೇಳಿದರು?" ಎಂದು ಕೇಳಿದಳು ಮೇಷ್ಟ್ರ ಹೆಂಡತಿ.

"ಮೆಲ್ಲಗೆ. ಪ್ರೀತಿಯಿಂದ ಹೇಳಿದ ಹಾಗೆ."

"ಹಾಗಾದರೆ ಅವರೇ. ಮದುವೆಯಾದ ದಿನದಿಂದ ಅದೇ ದನಿಯಲ್ಲಿ ಕಿಟಕಿ ಮುಚ್ಚು ಅಂತಿದ್ದರು. ಗಾಳಿ ಬರ್ತದೆ, ನಿನಗೆ ಶೀತ ಆಗ್ತದೆ ಅಂತ." ಅವಳ ಕೈ ಕಣ್ಣಿನ ಪಟ್ಟಿಯನ್ನು ಮುಟ್ಟಿತು. "ನೀನು ಯಾಕೆ ಸುಳ್ಳು ಹೇಳಿದೆ?"

"ಊರು ನಿಮ್ಮ ಕಣ್ಣು ಕೀಳ್ತಿತ್ತು ಅಕ್ಕಾ."

"ಯಾರು ಕೀಳ್ತಿದ್ದರು? ಒಬ್ಬರನ್ನು ತೋರಿಸು. ಕಮ್ಮಾರನಾ? ಅವನ ಮಗಳಿಗೆ ಜ್ವರ ಬಂದಾಗ ಮೂರು ದಿನ ನಾನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಹಿರಿಯನಾ? ಅವನು ನನ್ನ ಮದುವೆಯಲ್ಲಿ ಧಾರೆ ನೀರು ಹಿಡಿದವನು. ಯಾರು ಬರ್ತಿದ್ದರು?"

ಸೊಸೆ ಬೀದಿಯ ಕಡೆ ನೋಡಿದಳು.

"ನಿನಗೆ ಗೊತ್ತಿಲ್ಲ. ನಿನ್ನ ಅತ್ತೆಗೂ ಗೊತ್ತಿಲ್ಲ. ಯಾಕಂದರೆ ನೀವು ಯಾರೂ ಒಂದು ಸಲವೂ ಹೇಳಿ ನೋಡಲಿಲ್ಲ."

ಅವಳು ಗಂಟು ಬಿಚ್ಚಿದಳು. ಎದುರಿಗೆ ಬಿಸಿಲಲ್ಲಿ ಉರಿಯುವ ಬಿಳೀ ಆಗರ. ಕಣ್ಣು ತಡೆಯದೆ ಕೈ ಅಡ್ಡ ಹಿಡಿದಳು, ಆದರೂ ಬೆರಳ ಸಂದಿಯಿಂದ ನೋಡಿದಳು. ಸೊಸೆ ಅವಳ ಕಾಲು ಮುಟ್ಟಿ, "ಇನ್ನು ಮೇಲೆ ಕೇಳಿಸಿಕೊಂಡದ್ದನ್ನೇ ಹೇಳ್ತೀನಿ" ಎಂದು ಮಾತು ಕೊಟ್ಟಳು.

ಮಾತು ಕೊಟ್ಟ ಮೇಲೆ ಬಂದ ಮೊದಲ ಸಾವು ಅವಳ ಅತ್ತೆಯದೇ. ಮಗ ಆಗ ದೋಣಿಯ ಮೇಲೆ ದೂರ ಹೋಗಿದ್ದ.

ಸೊಸೆ ಕಿವಿ ತೊಳೆದಳು. ಬಾಗಿಲು ಹಾಕಿದಳು. ಬಾಗುವಾಗ ಅತ್ತೆಯ ತಲೆಯ ಸೆರಗು ಜಾರಿತು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಎಂದೂ ಜಾರದ ಸೆರಗು. ಎರಡು ಕಿವಿಯ ತೂತೂ ಸುಟ್ಟು, ಸುಕ್ಕುಗಟ್ಟಿ, ಮುಚ್ಚಿಹೋಗಿದ್ದವು. ಸೊಸೆ ಕಿರುಚದಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ಅವಳ ಕುತ್ತಿಗೆ ಹಿಡಿದು ಹತ್ತಿರ ಎಳೆದುಕೊಂಡಳು.

"ಕಾದ ಉಪ್ಪು" ಎಂದಳು. "ನಾನು ಸುರಿದುಕೊಂಡ ಹಾಗೆ, ನಿನ್ನ ಕಿವಿಗೆ. ಎರಡಕ್ಕೂ."

ಅದು ಹೊಟ್ಟೆಕಿಚ್ಚೋ, ಕರುಣೆಯೋ, ತಾನು ಪಟ್ಟದ್ದನ್ನು ಇನ್ನೊಬ್ಬಳೂ ಪಡಲಿ ಎಂಬ ಆಸೆಯೋ, ಪಡದಿರಲಿ ಎಂಬ ಆಸೆಯೋ, ಸೊಸೆಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅತ್ತೆಯ ಕಣ್ಣು ಆಗಲೇ ನಿಂತಿದ್ದವು.

ಹೊಸ್ತಿಲಿಗೆ ಬಂದಳು. ಅಂಗಳದ ತುಂಬ ಜನ, ಕೈಯಲ್ಲಿ ಕೊಡ, ಗುದ್ದಲಿ, ಬುಟ್ಟಿ. ನಲವತ್ತು ವರ್ಷ ಊರಿನ ಆಸೆ ಕೇಳಿಸಿಕೊಂಡವಳು ತನಗೆ ಏನು ಕೇಳಿಕೊಂಡಿರಬಹುದು ಎಂದು ಎಲ್ಲರ ಮುಖದಲ್ಲೂ ಕುತೂಹಲ. ಮೇಷ್ಟ್ರ ಹೆಂಡತಿ ಹಿಂದೆ, ತೆರೆದ ಕಣ್ಣಿಂದ ನೋಡುತ್ತಿದ್ದಳು. ಗಂಜಿ ಎನ್ನಬಹುದಿತ್ತು. ತುಳಸಿ ಎನ್ನಬಹುದಿತ್ತು. ಸಾಲು ತಾನಾಗಿಯೇ ಬಾಯಿಗೆ ಬಂದಿತ್ತು. ಸೊಸೆ ಅದನ್ನು ನುಂಗಿದಳು.

"ನನ್ನ ಎರಡೂ ಕಿವಿಗೆ ಕಾದ ಉಪ್ಪು ಸುರಿಯಿರಿ ಅಂದರು" ಎಂದಳು.

ಯಾರದೋ ಕೊಡ ಕೈ ಜಾರಿ ಬಿತ್ತು.

"ತಪ್ಪಾಗಿ ಕೇಳಿಸಿರಬೇಕು" ಎಂದಳು ಒಬ್ಬಳು.

"ಇಲ್ಲ."

"ಪದದಲ್ಲಿ ಇಂಥದ್ದು ಎಲ್ಲೂ ಇಲ್ಲವಲ್ಲ ತಾಯಿ" ಎಂದ ಕಮ್ಮಾರ.

ಜನರೆಲ್ಲ ಊರ ಹಿರಿಯನ ಮುಖ ನೋಡಿದರು. ಹಿರಿಯ ಕಣ್ಣೊರೆಸಿಕೊಂಡು, "ಒಲೆ ಹಚ್ಚಿ" ಎಂದ.

ಸೊಸೆ ಊಹಿಸಿದ್ದು ಎರಡು. ನಗುತ್ತಾರೆ ಎಂದುಕೊಂಡಿದ್ದಳು, ಇಲ್ಲವೇ ತನ್ನನ್ನು ಸುಳ್ಳಿ ಎಂದು ಬಯ್ಯುತ್ತಾರೆ ಎಂದುಕೊಂಡಿದ್ದಳು. ಅವರು ಅಳುತ್ತ ಒಲೆ ಹಚ್ಚಿದರು. ಕಮ್ಮಾರ ಅಳುತ್ತ ಕಬ್ಬಿಣದ ಬಾಣಲೆ ತಂದ. ಹೆಂಗಸರು ಅಳುತ್ತ ಹೊಸ ಉಪ್ಪು ತಂದು ಸುರಿದರು. ಒಬ್ಬಳು ಸೊಸೆಯ ತಲೆ ಸವರಿ, "ಹೆದರಬೇಡ ಮಗಳೇ, ಬೇಗ ಮುಗಿಸ್ತೇವೆ" ಎಂದಳು, ಮತ್ತೊಬ್ಬಳು ಅವಳ ಕೂದಲನ್ನು ಕಿವಿಯಿಂದ ಹಿಂದಕ್ಕೆ ಸರಿಸಿ ಗಂಟು ಕಟ್ಟಿದಳು. ಅಷ್ಟು ಮೃದುವಾದ ಕೈ. ಯಾರ ಮುಖದಲ್ಲೂ ದ್ವೇಷವಿರಲಿಲ್ಲ. ಸೊಸೆ ದಿಕ್ಕೆಟ್ಟು ಮೇಷ್ಟ್ರ ಹೆಂಡತಿಯ ಕಡೆ ನೋಡಿದಳು. ಆ ದೊಡ್ಡ ಕಣ್ಣುಗಳು ಭಯದಿಂದ ಇನ್ನೂ ದೊಡ್ಡವಾಗಿದ್ದವು. ಯಾರು ಕೀಳುತ್ತಿದ್ದರು ಎಂದು ಕೇಳಿದ್ದಳಲ್ಲ, ಅದಕ್ಕೆ ಉತ್ತರ ಅವಳ ಮುಂದೆಯೇ ಒಲೆಯ ಮೇಲೆ ಚಟಚಟ ಸಿಡಿಯುತ್ತಿತ್ತು.

ಹಿರಿಯ ಸೌಟಿನಲ್ಲಿ ಉಪ್ಪು ತೋಡಿದ. ಹೆಂಗಸರು ಸೊಸೆಯನ್ನು ಕೂರಿಸಿ ಭುಜ ಹಿಡಿದರು.

"ತಡೀರಿ" ಎಂದು ಮೇಷ್ಟ್ರ ಹೆಂಡತಿ ಮುಂದೆ ಬಂದಳು. ಅವಳ ಕಾಲು ಎಡವುತ್ತಿದ್ದವು, ಮಾತು ಎಡವಲಿಲ್ಲ. "ಸರದಿ ತಪ್ಪಬಾರದು. ನನ್ನ ಗಂಡ ಎಣ್ಣೆ ಕೇಳಲಿಲ್ಲ. ನನ್ನ ಎರಡು ಕಣ್ಣು ಕೇಳಿದ್ದ. ಅದು ಇವತ್ತಿನವರೆಗೂ ಬಾಕಿ. ಮೊದಲು ಅದನ್ನು ಮುಗಿಸಿ, ಆಮೇಲೆ ಇವಳ ಕಿವಿಗೆ ಬನ್ನಿ."

ಜನ ಕಕ್ಕಾಬಿಕ್ಕಿಯಾದರು. ಮೇಷ್ಟ್ರ ಹೆಂಡತಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. "ಅಷ್ಟೇ ಅಲ್ಲ. ನಿಮ್ಮ ಅಪ್ಪ, ನಿಮ್ಮ ಅವ್ವ, ನಿಮ್ಮ ಹೆಂಡತಿ, ಅವರದೂ ಬಾಕಿಯೇ ಇರಬೇಕು. ಕೇಳಿ. ಇವಳ ಕಿವಿ ಇರುವಾಗಲೇ ಕೇಳಿಕೊಳ್ಳಿ. ಸುಟ್ಟ ಮೇಲೆ ಇವಳಿಗೆ ನಿಮ್ಮ ಮಾತು ಕೇಳಿಸೋದಿಲ್ಲ."

ಒಬ್ಬರು ಇನ್ನೊಬ್ಬರ ಮುಖ ನೋಡಿದರು, ನೋಡಿದವರೇ ಕಣ್ಣು ತಿರುಗಿಸಿಕೊಂಡರು. ಬಾಣಂತಿಯ ಗಂಡ ತನ್ನ ಕೂಸನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಹೋದ.

ಹಿರಿಯನ ಹೆಂಡತಿ ಸತ್ತು ಆಗಿನ್ನೂ ಐದು ತಿಂಗಳು. ಅವಳ ತುಟಿಗೆ ಕಿವಿ ಹಚ್ಚಿದವಳೂ ಸೊಸೆಯೇ. ನನ್ನ ಗಂಡನಿಗೆ ಬಿಸಿ ಗಂಜಿ ತಪ್ಪದಿರಲಿ ಎಂದು ಕೇಳಿದಳೆಂದು ಸಾರಿದ್ದಳು. ಅಂದಿನಿಂದ ಊರ ಹೆಂಗಸರು ಸರದಿಯಲ್ಲಿ ಅವನಿಗೆ ಗಂಜಿ ಕಾಯಿಸಿ ಕೊಡುತ್ತಿದ್ದರು. ಕುಡಿಯುವಾಗೆಲ್ಲ ಅವನು ಹೆಂಡತಿಯ ಹೆಸರು ಹೇಳಿ ಅಳುತ್ತಿದ್ದ.

ಸೊಸೆ ತಲೆ ಎತ್ತಿ ಅವನನ್ನು ನೋಡಿದಳು. ಸೌಟು ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು. ಅದರ ಕಾವು ಕೆನ್ನೆಗೆ ಬಡಿಯುತ್ತಿತ್ತು.

"ಹೇಳಲಾ, ಹಿರಿಯರೇ?"

ಹಿರಿಯನ ತುಟಿ ಅಲುಗಿತು. ಹೇಳು ಎನ್ನಲಿಲ್ಲ. ಬೇಡ ಎನ್ನಲಿಲ್ಲ. ಸೌಟು ಹಿಡಿದ ಕೈ ಹಾಗೇ ನಿಂತಿತ್ತು. ನೆರಳು ಅಂಗಳದ ಈ ಕಡೆಯಿಂದ ಆ ಕಡೆಗೆ ಸರಿಯಿತು. ಸೌಟಿನಲ್ಲಿ ಉಪ್ಪು ಆರಿತು. ಕಡೆಗೆ ಅವನು ಅದನ್ನು ಬಾಣಲೆಗೆ ಸುರಿದು, ಯಾರ ಮುಖವನ್ನೂ ನೋಡದೆ, "ಎತ್ತಿ" ಎಂದ.

ಊರಿಗೆ ಗೊತ್ತಿದ್ದೂ ಆಸೆ ಉಳಿಸಿಕೊಂಡ ಮೊದಲ ಹೆಣ ಅಲ್ಲಿಂದ ಎದ್ದಿತು. ಯಾರೂ ಪದ ಹಾಡಲಿಲ್ಲ. ಹೊತ್ತು ಮುಳುಗುವಾಗ ಊರಿಗೆ ಊರೇ ದಡದಲ್ಲಿ ನಿಂತು ಕಡಲು ಬರುವುದನ್ನು ಕಾದಿತು. ಕಡಲು ಎಂದಿನಂತೆ ಬಂದು, ಎಂದಿನ ಗೆರೆಯಲ್ಲೇ ಹಿಂದೆ ಹೋಯಿತು. ಅದು ಬಂದಿದ್ದರೇ ಚೆನ್ನಾಗಿತ್ತೇನೋ ಎಂಬಂತೆ ಜನ ಒಬ್ಬೊಬ್ಬರೇ ಮನೆಗೆ ಹೋದರು. ಆ ರಾತ್ರಿ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗಿದರು.

ಆಮೇಲೆ ಯಾರೂ ಸೊಸೆಯನ್ನು ಕರೆಯಲಿಲ್ಲ. ಸಾಯುವವರು ಹಲ್ಲು ಕಚ್ಚಿಕೊಂಡು ಸತ್ತರು. ದಾರಿಯಲ್ಲಿ ಅವಳನ್ನು ಕಂಡರೆ ಜನ ಬದಿಗೆ ಸರಿಯುತ್ತಿದ್ದರು. ಮೇಷ್ಟ್ರ ಹೆಂಡತಿಯೊಬ್ಬಳು ಅವಳ ಜೊತೆ ಆಗರಕ್ಕೆ ಬಂದು ಉಪ್ಪು ಎಳೆಯುತ್ತಿದ್ದಳು. ಕೆಲಸದ ನಡುವೆ ಕೈ ನಿಲ್ಲಿಸಿ ಹೋಗಿ ಬರುವವರನ್ನೆಲ್ಲ ಕಣ್ತುಂಬ ನೋಡುತ್ತಿದ್ದಳು.

ಒಂದು ವರ್ಷ ಕಳೆಯಿತು. ಒಂದು ಬೆಳಗ್ಗೆ ಹಿರಿಯನ ಮನೆಯಿಂದ ಕರೆ ಬಂತು.

ಸೊಸೆ ಹೋದಳು. ಅಂಗಳದಲ್ಲಿ ಜನರಿದ್ದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಅವಳು ಕಿವಿ ತೊಳೆಯಲು ಹೋದಾಗ ಹಿರಿಯ ಒಳಗಿನಿಂದಲೇ ಬೇಡ ಎಂದ. ಬಾಗಿಲು ಹಾಕಿ ಹತ್ತಿರ ಕೂತಳು.

"ನಾನು ಹೇಳೋದಿಲ್ಲ" ಎಂದ ಹಿರಿಯ. ಎದೆ ಏರಿಳಿಯುತ್ತಿತ್ತು. "ನೀನು ಹೇಳು. ಅವಳು ಏನು ಕೇಳಿದ್ದಳು? ನನಗೆ ವಿಷ ಹಾಕಿ ಅಂದಳಾ? ಒಂದು ವರ್ಷದಿಂದ ನಿದ್ದೆ ಇಲ್ಲ. ನಾನು ಅವಳಿಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಯಾವುದಕ್ಕೆ ಅಂತ ತಿಳೀಲಿಲ್ಲ. ಎಷ್ಟೊಂದಿತ್ತು. ಹೇಳು ತಾಯಿ."

ಗಂಜಿಯ ಆ ಒಂದು ಸಾಲನ್ನು ನೆನೆದರೆ ಸೊಸೆಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಉಳಿದ ಸುಳ್ಳುಗಳಿಗೆಲ್ಲ ಒಂದು ಕಾರಣವಿತ್ತು, ಅದಕ್ಕೆ ಇರಲಿಲ್ಲ. ಅವತ್ತು ಕೇಳಿಸಿಕೊಂಡದ್ದನ್ನು ಹೇಳಿದ್ದರೆ ಊರು ಸಂತೋಷದಿಂದ ನಡೆಸಿಕೊಡುತ್ತಿತ್ತು. ಬಾಗಿಲು ತೆಗೆಯುವಷ್ಟರಲ್ಲಿ ಗಂಜಿ ಬಾಯಿಗೆ ಬಂದಿತ್ತು, ಅವಳು ಗಂಜಿ ಎಂದಿದ್ದಳು.

ಅವಳು ಬಾಗಿ ಹಿರಿಯನ ಕಿವಿಗೆ ಬಾಯಿ ಹಚ್ಚಿದಳು.

"ಕುತ್ತಿಗೆವರೆಗೆ ಕಡಲಲ್ಲಿ ನಿಲ್ಲಬೇಕು ಅಂದರು. ಹುಟ್ಟಿದಾಗಿನಿಂದ ದಡದಲ್ಲೇ ಇದೀನಿ, ಒಂದು ದಿನವೂ ಮೊಣಕಾಲಿಗಿಂತ ಒಳಗೆ ಹೋಗಲಿಲ್ಲ ಅಂದರು. ಹೆಣವಾದ ಮೇಲಾದರೂ ಸರಿ, ಒಂದು ಸಲ ಕುತ್ತಿಗೆವರೆಗೆ ಇಳಿಸಿ ಅಂದರು."

ಹಿರಿಯ ಕಾದ. "ಆಮೇಲೆ?"

"ಅಷ್ಟೇ."

"ನಾನು?"

"ನಿಮ್ಮ ಮಾತು ಬರಲಿಲ್ಲ."

"ಒಂದೂ?"

"ಒಂದೂ ಬರಲಿಲ್ಲ."

ಹಿರಿಯ ಅವಳನ್ನೇ ನೋಡಿದ. ಬೈಗುಳಕ್ಕೆ ಸಿದ್ಧವಾಗಿದ್ದ ಮುಖ, ಶಾಪಕ್ಕೆ ಸಿದ್ಧವಾಗಿದ್ದ ಮುಖ. ಹುಬ್ಬು ಮೇಲೇರಿತು, ಬಾಯಿ ಅರ್ಧ ತೆರೆಯಿತು. ಇನ್ನೇನೋ ಕೇಳುವವನ ಹಾಗೆ ಒಂದು ಕೈ ಹಾಸಿಗೆಯಿಂದ ಎದ್ದು, ಕೇಳಲು ಏನೂ ಉಳಿದಿಲ್ಲವೆಂಬಂತೆ ಮತ್ತೆ ಬಿತ್ತು.

ಆ ತೆರೆದ ಕಣ್ಣುಗಳನ್ನು ಮುಚ್ಚಲು ಸೊಸೆ ಮೂರು ಸಲ ಕೈಯಾಡಿಸಬೇಕಾಯಿತು. ಮೂರನೆಯ ಸಲವೂ ಅವು ಪೂರ್ತಿ ಮುಚ್ಚಲಿಲ್ಲ.